ಸಾರ್ಕೊಪೀನಿಯಾ: ತೂಕದ ಯಂತ್ರಕ್ಕೆ ಕಾಣದ ಸೊರಗು

ತೂಕ ಹೋದ ತಿಂಗಳಷ್ಟೇ ಇದೆ. ಆದರೆ ಮುಂಗೈಯಲ್ಲಿ ನಿಲ್ಲುತ್ತಿದ್ದ ಬಳೆ ಮೊಣಕೈವರೆಗೆ ಜಾರುತ್ತಿದೆ, ಕುಳಿತಲ್ಲಿಂದ ಏಳಲು ಗೋಡೆ ಹಿಡಿಯಬೇಕಾಗಿದೆ. ಕ್ಯಾನ್ಸರ್ ರೋಗಿಗಳ ಮನೆಯವರು ಇದನ್ನು ಬೇಗ ಗುರುತಿಸುತ್ತಾರೆ. ತೂಕದ ಯಂತ್ರ ಗುರುತಿಸುವುದಿಲ್ಲ. ಹೊಟ್ಟೆಯಲ್ಲೋ ಕಾಲಿನಲ್ಲೋ ತುಂಬಿದ ನೀರು, ಮೈಯ ಕೊಬ್ಬು, ಎಲ್ಲವೂ ಅದರ ಲೆಕ್ಕದಲ್ಲಿ ಒಂದೇ.

ಸ್ನಾಯುವೂ ಅದರ ಕಸುವೂ ಹೀಗೆ ಕರಗುವುದಕ್ಕೆ ಸಾರ್ಕೊಪೀನಿಯಾ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಸಾರ್ಕ್ಸ್’ ಎಂದರೆ ಮಾಂಸ, ‘ಪೀನಿಯಾ’ ಎಂದರೆ ಕೊರತೆ. ಅಮೆರಿಕದ ಪೋಷಣಾ ವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್ 1980ರ ದಶಕದ ಕೊನೆಯಲ್ಲಿ ಈ ಪದವನ್ನು ಮುಪ್ಪಿನ ಸೊರಗಿಗೆಂದು ಕಟ್ಟಿದರು. ಕ್ಯಾನ್ಸರ್‌ನಲ್ಲಿ ಇದಕ್ಕೆ ವಯಸ್ಸಿನ ಹಂಗಿಲ್ಲ.

ಸ್ನಾಯು ಎಷ್ಟಿದೆ ಎಂದು ತಿಳಿಯಲು ಬಹಳ ಸಲ ಹೊಸ ಪರೀಕ್ಷೆಯೂ ಬೇಕಿಲ್ಲ. ಗಡ್ಡೆ ನೋಡಲು ತೆಗೆದ ಹೊಟ್ಟೆಯ ಸಿ.ಟಿ. ಸ್ಕ್ಯಾನ್‌ನಲ್ಲೇ, ಸೊಂಟದ ಭಾಗದ ಬೆನ್ನೆಲುಬಿನ ಮೂರನೆಯ ಮಣಿಯ (ಕಶೇರುವಿನ) ಮಟ್ಟದಲ್ಲಿ, ಸ್ನಾಯುವಿನ ವಿಸ್ತೀರ್ಣವನ್ನು ಅಳೆದು ಎತ್ತರದ ವರ್ಗದಿಂದ ಭಾಗಿಸುತ್ತಾರೆ. ಕೈಯಲ್ಲೇ ಇರುವ ಈ ಮಾಹಿತಿಯನ್ನು ಓದದೆ ಬಿಡುವುದು ನಿಜಕ್ಕೂ ನಷ್ಟ. ಅನೇಕ ಕಿಮೊ ಔಷಧಗಳ ಪ್ರಮಾಣ ನಿರ್ಧಾರವಾಗುವುದು ಎತ್ತರ ಮತ್ತು ತೂಕದ ಮೇಲೆ. ತೂಕ ಒಂದೇ ಇದ್ದರೂ ಸ್ನಾಯು ಕಡಿಮೆ ಇರುವವರಿಗೆ ಅದೇ ಪ್ರಮಾಣದ ಅಡ್ಡಪರಿಣಾಮ ಹೆಚ್ಚು ತಟ್ಟಬಹುದು. ಮೈತುಂಬಿಕೊಂಡವರಲ್ಲಿ ಕೊಬ್ಬಿನ ಕೆಳಗೆ ಈ ಕೊರತೆ ಅಡಗಿರುವುದುಂಟು.

ಆದರೆ ಗಾತ್ರ ಅಳೆದರೆ ಸಾಲದು, ಕಸುವನ್ನೂ ಅಳೆಯಬೇಕು. ಹಿಡಿಕೆಯಿರುವ ಸಣ್ಣ ಉಪಕರಣವೊಂದನ್ನು ರೋಗಿ ಬಲವಾಗಿ ಅದುಮುತ್ತಾರೆ. ಏಷ್ಯಾದ ತಜ್ಞರು 2019ರಲ್ಲಿ ಹಾಕಿಕೊಟ್ಟ ಗೆರೆಯಂತೆ ಗಂಡಸರಲ್ಲಿ 28 ಕೆ.ಜಿ., ಹೆಂಗಸರಲ್ಲಿ 18 ಕೆ.ಜಿ.ಗಿಂತ ಕಡಿಮೆ ಬಂದರೆ ಹಿಡಿತ ಕುಗ್ಗಿದೆ ಎಂದರ್ಥ. ಇನ್ನೊಂದು ಪರೀಕ್ಷೆಗೆ ಕುರ್ಚಿ, ಗಡಿಯಾರ ಸಾಕು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕೂರಬೇಕು. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಕಾಲಿನ ಬಲ ಇಳಿದಿದೆ. ಬೀಳುವ ಭಯವಿರುವವರ ಪಕ್ಕದಲ್ಲಿ ಯಾರಾದರೂ ನಿಂತಿರಲೇಬೇಕು.

ಚಿಕಿತ್ಸೆ ಶುರುವಾಗುವ ಮೊದಲೇ ಈ ಅಂಕಿಗಳನ್ನು ಕಡತದಲ್ಲಿ ಬರೆದಿಟ್ಟಿರಬೇಕು. ಆಗ ಮುಂದಿನ ಭೇಟಿಯಲ್ಲಿ 10 ಸೆಕೆಂಡು 14 ಆಗಿದ್ದರೆ, ತೂಕ ಕದಲದಿದ್ದರೂ, ಪಥ್ಯತಜ್ಞರನ್ನೂ ಫಿಸಿಯೊಥೆರಪಿಸ್ಟರನ್ನೂ ಅಂದೇ ಕರೆಸಬಹುದು.