ಕ್ಯಾನ್ ಮುಚ್ಚಿದರೂ ಕಡಲು ಸುಮ್ನೆ ಕೂರುವುದಿಲ್ಲ

ಮನೆಯ ಗಾಜಿನ ಟ್ಯಾಂಕಿನಲ್ಲಿ ಹವಳ ಸಾಕುವವರಿಗೆ ಎಂದಾದರೊಮ್ಮೆ ಈ ಪ್ರಶ್ನೆ ಬಂದೇ ಬರುತ್ತದೆ. ಕಡಲು ಹತ್ತಿರದಲ್ಲೇ ಇರುವಾಗ ದುಡ್ಡು ಕೊಟ್ಟು ಸಾಲ್ಟ್ ಮಿಕ್ಸ್, ಅಂದರೆ ನೀರಿಗೆ ಬೆರೆಸಿ ಕಡಲ ನೀರು ಮಾಡಿಕೊಳ್ಳುವ ಉಪ್ಪಿನ ಪುಡಿ, ಯಾಕೆ ತರಬೇಕು? ಹವಳ ಹುಟ್ಟಿ ಬೆಳೆದದ್ದು ಅದೇ ನೀರಿನಲ್ಲಿ ಅಲ್ವಾ? ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಮಾತೆಲ್ಲ ಉಪ್ಪಿನ ಸುತ್ತವೇ ನಡೆಯುತ್ತದೆ. ಕಷ್ಟ ಇರುವುದು ಉಪ್ಪಿನಲ್ಲಿ ಅಲ್ಲ.

ಉಪ್ಪಿನ ವಿಷಯದಲ್ಲಿ ಸಮುದ್ರವನ್ನು ನಂಬಬಹುದು. 1872ರಿಂದ 1876ರವರೆಗೆ ಚಾಲೆಂಜರ್ ಎಂಬ ಹಡಗು ಜಗತ್ತಿನ ಸಮುದ್ರಗಳನ್ನು ಸುತ್ತಿ ಬಂತು. ಅದು ತಂದ 77 ನೀರಿನ ಮಾದರಿಗಳನ್ನು ವಿಲಿಯಂ ಡಿಟ್‌ಮಾರ್ ಎಂಬ ರಸಾಯನ ವಿಜ್ಞಾನಿ ಪರೀಕ್ಷಿಸಿ 1884ರಲ್ಲಿ ಫಲಿತಾಂಶ ಕೊಟ್ಟರು. ಒಟ್ಟು ಉಪ್ಪು ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ ಇರಬಹುದು. ಆದರೆ ಅದರೊಳಗೆ ಸೋಡಿಯಂ, ಮೆಗ್ನೀಸಿಯಂ, ಕ್ಲೋರೈಡ್, ಸಲ್ಫೇಟ್ ಇವುಗಳ ಪಾಲು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ತೆರೆದ ಸಾಗರದ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂ ಆಸುಪಾಸು, ಮೆಗ್ನೀಸಿಯಂ 1300ರ ಹತ್ತಿರ. ಸಾಲ್ಟ್ ಮಿಕ್ಸ್ ಮಾಡುವವರು ಅನುಕರಿಸಲು ನೋಡುವುದೂ ಇದನ್ನೇ.

ಆದರೆ ನಾವು ಕ್ಯಾನ್ ತುಂಬಿಸಿಕೊಳ್ಳುವುದು ತೆರೆದ ಸಾಗರದಲ್ಲಿ ಅಲ್ಲ, ದಡದಲ್ಲಿ. ಅಳಿವೆಯ ಬಳಿ ನದಿಯ ನೀರು ಸೇರಿ ಉಪ್ಪು ಇಳಿದಿರುತ್ತದೆ. ಹೊಲದ ಗೊಬ್ಬರ, ಚರಂಡಿ ನೀರು ನೈಟ್ರೇಟ್ ಮತ್ತು ಫಾಸ್ಫೇಟ್ ತಂದಿರುತ್ತವೆ. ಬಂದರಿನ ಪಕ್ಕವಾದರೆ ತಾಮ್ರದ ಭಯ, ಏಕೆಂದರೆ ದೋಣಿಗಳ ತಳಕ್ಕೆ ಬಳಿಯುವ ಬಣ್ಣದಲ್ಲಿ ತಾಮ್ರ ಇರುತ್ತದೆ. ಮೀನಿನ ಕೆಲವು ರೋಗಗಳಿಗೆ ತಾಮ್ರವನ್ನು ಮದ್ದಾಗಿ ಕೊಡುತ್ತಾರೆ. ಅದೇ ಪ್ರಮಾಣ ಹವಳಕ್ಕೆ, ಸಿಗಡಿಗೆ ವಿಷ. ಹಾಗಾಗಿ ಮಳೆ ಬಂದು ಕೆಲ ದಿನ ಕಳೆದ ಮೇಲೆ, ಉಬ್ಬರ ಏರುತ್ತಿರುವಾಗ, ತಳದ ಮರಳು ಕಲಕದ ಹಾಗೆ ನೀರು ತುಂಬಿಸುವುದು ಒಳ್ಳೆಯದು. ನೀರಿನ ಬಣ್ಣ ಕೆಂಪಗೋ ದಟ್ಟ ಹಸಿರಾಗೋ ಇದ್ದರೆ ಬರಿಗೈಲಿ ವಾಪಸ್ ಬನ್ನಿ. ಅದು ಸೂಕ್ಷ್ಮ ಪಾಚಿಗಳು ವಿಪರೀತ ಹೆಚ್ಚಿರುವ ಗುರುತು. ಅವುಗಳಲ್ಲಿ ಕೆಲವು ವಿಷ ಬಿಡುತ್ತವೆ.

ಇಷ್ಟೆಲ್ಲ ಮಾಡಿ ತಂದ ನೀರು ಕನ್ನಡಿಯಂತೆ ತಿಳಿಯಾಗಿ ಕಂಡರೂ ಅದು ಖಾಲಿ ಅಲ್ಲ. ಒಂದು ಮಿಲಿಲೀಟರಿನಲ್ಲೇ ಸುಮಾರು 10 ಲಕ್ಷ ಬ್ಯಾಕ್ಟೀರಿಯಾ. ವೈರಸ್‌ಗಳು ಅದರ ಹತ್ತು ಪಟ್ಟು. ಜೊತೆಗೆ ಪಾಚಿ, ಮರಿಹುಳು, ಮೊಟ್ಟೆ. ಮುಚ್ಚಳ ಹಾಕಿದ ಕೂಡಲೇ ಇವುಗಳ ಲೆಕ್ಕಾಚಾರ ತಲೆಕೆಳಗಾಗುತ್ತದೆ. ಬೆಳಕಿಲ್ಲದೆ ಪಾಚಿ ಸಾಯುತ್ತದೆ. ಸತ್ತದ್ದು ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತದೆ. ಅವು ದುಪ್ಪಟ್ಟಾಗುತ್ತಾ ಆಮ್ಲಜನಕ ಮುಗಿಸುತ್ತವೆ, ಅಮೋನಿಯಾ ಏರುತ್ತದೆ. ಇನ್ನೊಂದು ಸ್ವಾರಸ್ಯ ಇದೆ. 1936ರಲ್ಲಿ ಕ್ಲಾಡ್ ಝೋಬೆಲ್ ಮತ್ತು ಆಂಡರ್ಸನ್ ಎಂಬ ವಿಜ್ಞಾನಿಗಳು ಒಂದೇ ನೀರನ್ನು ಬೇರೆ ಬೇರೆ ಅಳತೆಯ ಪಾತ್ರೆಗಳಲ್ಲಿಟ್ಟು ನೋಡಿದರು. ಪಾತ್ರೆ ಚಿಕ್ಕದಾದಷ್ಟೂ ಬ್ಯಾಕ್ಟೀರಿಯಾ ಜಾಸ್ತಿ! ಚಿಕ್ಕ ಪಾತ್ರೆಯಲ್ಲಿ ನೀರಿಗೆ ಹೋಲಿಸಿದರೆ ಗೋಡೆ ಹೆಚ್ಚು. ನೀರಿನಲ್ಲಿ ಚದುರಿದ್ದ ಆಹಾರ ಗೋಡೆಗೆ ಅಂಟಿ ಒಂದೆಡೆ ಸೇರುತ್ತದೆ, ಬ್ಯಾಕ್ಟೀರಿಯಾಗಳೂ ಅಲ್ಲೇ ನೆಲೆಯೂರುತ್ತವೆ. ಅಂದರೆ ಸಮುದ್ರದಲ್ಲಿದ್ದ ನೀರು ಮತ್ತು ಎರಡು ದಿನ ಕ್ಯಾನಿನಲ್ಲಿದ್ದ ನೀರು ಒಂದೇ ಅಲ್ಲ.

ಹಾಗಾಗಿ ದಾರಿ ಎರಡೇ. ತಂದ ಕೆಲವೇ ಗಂಟೆಗಳಲ್ಲಿ ಬಳಸಬೇಕು, ಇಲ್ಲವೇ ವಾರಗಟ್ಟಲೆ ಕಾಯಬೇಕು. ನಡುವಿನ ದಿನಗಳೇ ಅತಿ ಕೆಟ್ಟವು. ತಾಜಾ ನೀರಿಗೂ ಅದರದೇ ಲಾಭವಿದೆ. ನೀರು ಸೋಸಿ ತಿನ್ನುವ ಜೀವಿಗಳಿಗೆ ಅದರಲ್ಲಿ ಬಿಟ್ಟಿ ಊಟ. ಜಕಾರ್ತಾದ ಲೀ ಚಿನ್ ಎಂಗ್ 1961ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಇದ್ದದ್ದು ಸಮುದ್ರದ ನೀರು, ಜೀವಂತ ಕಲ್ಲು (ಬ್ಯಾಕ್ಟೀರಿಯಾ, ಸಣ್ಣ ಜೀವಿಗಳು ನೆಲೆಸಿರುವ ಕಡಲ ಕಲ್ಲು), ಒಂದಿಷ್ಟು ಗಾಳಿಗುಳ್ಳೆ, ಅಷ್ಟೇ. ಅದರಲ್ಲೇ ಅವರು ಹವಳ ಬೆಳೆಸಿದರು. ಆದರೆ ತಾಜಾ ನೀರಿನ ಜೊತೆ ಮೀನಿನ ಪರೋಪಜೀವಿಗಳೂ ಬರಬಹುದು.

ನನ್ನ ಓಟು ಕಾಯುವುದಕ್ಕೆ. ಆಹಾರ ದರ್ಜೆಯ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಕತ್ತಲಲ್ಲಿ ಎರಡು ಮೂರು ವಾರ ಇಡಿ. ಲೋಹದ ಪಾತ್ರೆ, ಹಿತ್ತಾಳೆ ನಲ್ಲಿ ಬೇಡವೇ ಬೇಡ. ಸತ್ತದ್ದೆಲ್ಲ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ನೀರನ್ನು ಸೈಫನ್ ಮಾಡಿ, ಏರ್‌ಸ್ಟೋನ್ ಹಾಕಿ ಒಂದು ದಿನ ಗಾಳಿ ಕೊಡಿ. ಅಮೋನಿಯಾ ಸೊನ್ನೆ ಬಂದ ಮೇಲೆ ಬಳಸಿ.

ಅವಸರದವರು ಕ್ಲೋರಿನ್ ಹಾಕಿ, ಆಮೇಲೆ ಸೋಡಿಯಂ ಥಯೋಸಲ್ಫೇಟ್‌ನಿಂದ ಅದನ್ನು ತೆಗೆಯುತ್ತಾರೆ. ಅದು ಕೆಲಸ ಮಾಡುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ 65 ಮಿಲಿಗ್ರಾಂನಷ್ಟು ಬ್ರೋಮೈಡ್ ಇರುತ್ತದೆ. ಕ್ಲೋರಿನ್ ಅದರೊಡನೆ ಬೆರೆತು ಬ್ರೋಮಿನ್ ಸಂಯುಕ್ತಗಳಾಗುವುದರಿಂದ ಜೀವಿಗಳನ್ನು ಕೊಲ್ಲುವ ಕೆಲಸ ಹೆಚ್ಚಾಗಿ ಅವುಗಳದ್ದೇ. ಕ್ಲೋರಿನ್ ಟೆಸ್ಟ್ ಸೊನ್ನೆ ತೋರಿಸುವವರೆಗೆ ನೀರು ಟ್ಯಾಂಕಿಗೆ ಹೋಗಬಾರದು. ಕುದಿಸುವ ಯೋಚನೆ ಮಾತ್ರ ಬಿಟ್ಟುಬಿಡಿ. ಕುದಿಸಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಪಾತ್ರೆಯ ತಳಕ್ಕೆ ಬಿಳಿ ಪದರವಾಗಿ ಕೂರುತ್ತದೆ. ಹವಳಕ್ಕೆ ಬೇಕಾದದ್ದೇ ಹೋಯಿತು!

ಇನ್ನು ಕ್ಷಾರೀಯತೆ, ಅಂದರೆ ಹವಳ ಅಸ್ಥಿ ಕಟ್ಟಲು ಬಳಸುವ ಬೈಕಾರ್ಬೊನೇಟ್ ಮುಂತಾದವು ನೀರಿನಲ್ಲಿ ಎಷ್ಟಿವೆ ಎಂಬ ಅಳತೆ. ಸಮುದ್ರದ ನೀರಿನಲ್ಲಿ ಅದು ಸುಮಾರು 7 ಡಿಕೆಎಚ್ (ಕ್ಷಾರೀಯತೆ ಅಳೆಯುವ ಮಾನ). ಹಲವು ಸಾಲ್ಟ್ ಮಿಕ್ಸ್‌ಗಳಲ್ಲಿ ಬೇಕೆಂದೇ ಇದನ್ನು ಹೆಚ್ಚಿಗೆ ಇಟ್ಟಿರುತ್ತಾರೆ. ಅಸ್ಥಿ ಕಟ್ಟುವ ಹವಳ ಲೀಟರಿಗೆ 20 ಮಿಲಿಗ್ರಾಂ ಕ್ಯಾಲ್ಸಿಯಂ ಬಳಸುವಷ್ಟರಲ್ಲಿ 2.8 ಡಿಕೆಎಚ್ ಇಳಿದುಬಿಡುತ್ತದೆ. ಕ್ಯಾಲ್ಸಿಯಂ ಧಾರಾಳವಾಗಿ ಉಳಿದಿರುವಾಗಲೇ ಕ್ಷಾರೀಯತೆ ತಳ ಕಾಣುತ್ತದೆ. ಸಾಗರದಲ್ಲಿ ಹೊಸ ನೀರು ಹರಿದು ಬರುತ್ತಲೇ ಇರುತ್ತದೆ, ಗಾಜಿನ ಟ್ಯಾಂಕಿನಲ್ಲಿ ಅದಿಲ್ಲ. ಹವಳ ತುಂಬಿದ ಟ್ಯಾಂಕಿಗೆ ವಾರಕ್ಕೊಮ್ಮೆ ಒಂದಿಷ್ಟು ನೀರು ಬದಲಿಸಿದರೆ ಸಾಲದು, ಬೇರೆಯಾಗಿ ಬೈಕಾರ್ಬೊನೇಟ್ ಸೇರಿಸಲೇಬೇಕು. ಆವಿಯಾಗಿ ಇಳಿದ ಮಟ್ಟವನ್ನು ತುಂಬಲು ಮಾತ್ರ ಕಡಲ ನೀರು ಬೇಡ. ಆವಿಯಾಗುವುದು ನೀರಷ್ಟೇ, ಉಪ್ಪು ಟ್ಯಾಂಕಿನಲ್ಲೇ ಉಳಿದಿರುತ್ತದೆ. ಅದಕ್ಕೆ ಆರ್‌ಒ ನೀರೇ ಸರಿ.