ಕೆಂಡ ಅನ್ನೋ ಜಿಪುಣ ಸಾಹುಕಾರ

ಹೋದ ವರ್ಷ ನಮ್ಮ ಆಫೀಸಿಂದ ಎರಡು ದಿನದ ಟ್ರೈನಿಂಗ್ ಅಂತ ಒಂದು ರೆಸಾರ್ಟಿಗೆ ಕರ್ಕೊಂಡು ಹೋಗಿದ್ರು. ಕಿವಿಗೆ ಸಿಗಿಸೋ ಮೈಕು, ಕಪ್ಪು ಟೀ ಶರ್ಟು ಹಾಕ್ಕೊಂಡಿದ್ದ ಭಾಷಣಕಾರರು ಸಂಜೆ ಆರಕ್ಕೆ ಶುರು ಮಾಡಿ ಎಂಟೂವರೆ ತನಕ ನಮ್ಮನ್ನ ಕುಣಿಸಿ, ಕೂಗಿಸಿ, ಪಕ್ಕದವರ ಕೈಗೆ ಕೈ ತಟ್ಟಿಸಿ, ಕೊನೆಗೆ ಹಿಂದಗಡೆ ಲಾನಿಗೆ ಹೊರಡಿಸಿದ್ರು. ನೋಡಿದ್ರೆ ಅಲ್ಲಿ ಎರಡು ಮಾರುದ್ದ ಕೆಂಡ ಹರಡಿದಾರೆ! 'ಮನಸ್ಸು ಗಟ್ಟಿಯಿದ್ರೆ ಕೆಂಡ ನಿಮ್ಮನ್ನ ಸುಡಲ್ಲ, ಇವತ್ತು ಇದನ್ನ ದಾಟಿದವರು ನಾಳೆ ಯಾವ ಟಾರ್ಗೆಟ್ ಬೇಕಾದ್ರೂ ದಾಟ್ತಾರೆ' ಅಂದ್ರು. ನಾನು ಮಂಡ್ಯ ಕಡೆಯೋನು. ನಂಗೆ ಅನ್ಸಿದ್ದು ಇಷ್ಟೇ, ಅಯ್ಯೋ ಇದು ನಮ್ಮೂರ ಜಾತ್ರೇಲಿ ಕೆಂಡ ಹಾಯೋ ಕೊಂಡ ಅಲ್ವಾ, ಕೊಂಡ ಹಾಯೋ ಪೂಜಾರಿ ಗುಡ್ಡಪ್ಪ ಒಬ್ಬ ಇಲ್ಲ, ತಮಟೆ ಜಾಗಕ್ಕೆ ಡಿಜೆ ಬಂದಿದೆ.

ಈ ಐಡಿಯಾ ಅಮೆರಿಕದ್ದು. 1970ರ ದಶಕದ ಕೊನೆಗೆ ಟಾಲಿ ಬರ್ಕನ್ ಅನ್ನೋರು ಅಲ್ಲಿ ದುಡ್ಡು ತಗೊಂಡು ಕೆಂಡದ ಮೇಲೆ ನಡೆಸೋ ಕ್ಲಾಸ್ ಶುರು ಮಾಡಿದ್ರು, ಅಲ್ಲಿಂದ ಮೋಟಿವೇಷನ್ ಭಾಷಣಕಾರ ಟೋನಿ ರಾಬಿನ್ಸ್ ಎತ್ಕೊಂಡು ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಸಾವಿರಾರು ಜನರ ಕೈಲಿ ಮಾಡಿಸಿದ್ರು. ಈಗ ಅದು ಸುತ್ತು ಹಾಕಿ ಬೆಂಗಳೂರಿನ ಅಕ್ಕಪಕ್ಕದ ರೆಸಾರ್ಟುಗಳಿಗೆ ಬಂದಿದೆ, ನಮ್ಮ ಸರಕನ್ನೇ ನಮಗೆ ಇಂಪೋರ್ಟ್ ಮಾಡಿ ಕೊಟ್ಟ ಹಾಗೆ. ಇಂಥದ್ದನ್ನ ಪ್ರಶ್ನೆ ಮಾಡೋದೂ ನಮ್ಮಲ್ಲಿ ಹೊಸದಲ್ಲ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆ ಪರೀಕ್ಷೆ ಮಾಡಕ್ಕೆ ಸಮಿತಿ ಮಾಡಿದ್ರು. ನಮ್ಮ ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆಲಿ ಜಾತ್ರೆ ಹಬ್ಬಗಳಲ್ಲಿ ಬಲವಂತವಾಗಿ ಕೆಂಡ ಹಾಯಿಸೋದೂ ಸೇರಿದೆ. ರೆಸಾರ್ಟಲ್ಲಿ ಮ್ಯಾನೇಜರ್ ಎದುರಿಗೆ ನಿಂತ್ಕೊಂಡು 'ಏನಪ್ಪಾ ನೀನು ಹೋಗಲ್ವಾ' ಅನ್ನೋದು ಬಲವಂತವೋ ಅಲ್ವೋ ನೀವೇ ಹೇಳಿ.

ಸರಿ, ಸುಡಲ್ಲ ಯಾಕೆ? 'ಕಾಲು ಒದ್ದೆ ಮಾಡ್ಕೊಂಡಿರ್ತಾರೆ, ಆವಿ ಪದರ ಕಾಪಾಡುತ್ತೆ' ಅಂತ ವಿಜ್ಞಾನ ಗೊತ್ತಿರೋರೂ ಹೇಳ್ತಾರೆ, ಅದು ಕಾದ ಕಾವಲಿ ಮೇಲೆ ನೀರು ಚಿಮುಕಿಸಿದ್ರೆ ಹನಿ ಓಡಾಡುತ್ತಲ್ಲ ಆ ಕಥೆ. ಕೆಂಡ ಹಾಯಕ್ಕೆ ಅದು ಬೇಕಾಗೇ ಇಲ್ಲ, ಒಣಗಿದ ಕಾಲಲ್ಲೂ ದಾಟಬಹುದು, ನಾಸ್ತಿಕನೂ ದಾಟಬಹುದು. ಗುಟ್ಟು ಇರೋದು ಎಷ್ಟು ಬಿಸಿ ಇದೆ ಅನ್ನೋದು ಬೇರೆ, ಎಷ್ಟು ಶಾಖ ಕೊಡುತ್ತೆ ಅನ್ನೋದು ಬೇರೆ ಅನ್ನೋದ್ರಲ್ಲಿ. ಕೆಂಡ ಒಬ್ಬ ಜಿಪುಣ ಸಾಹುಕಾರ ಅಂದ್ಕೊಳ್ಳಿ, ಹೆಸರಿಗೆ ಐನೂರು ಡಿಗ್ರಿ ಆಸ್ತಿ, ಆದ್ರೆ ಕೈ ಬಿಚ್ಚಿ ಕೊಡೋದು ಚಿಲ್ಲರೆ, ಅದೂ ಎಣಿಸಿ ಎಣಿಸಿ. ಕಬ್ಬಿಣ ಧಾರಾಳಿ, ಮುಟ್ಟಿದ ತಕ್ಷಣ ಇದ್ದದ್ದೆಲ್ಲ ಸುರಿದುಬಿಡುತ್ತೆ. ಇದ್ದಿಲು ಶಾಖ ಸಾಗಿಸೋದು ಕಬ್ಬಿಣಕ್ಕಿಂತ ನೂರಾರು ಪಟ್ಟು ನಿಧಾನ, ತೂಕವೂ ಹಗುರ, ಹಾಗಾಗಿ ಅಂಗಾಲು ಇಟ್ಟ ಕಡೆ ಮೇಲ್ಪದರದಲ್ಲಿದ್ದ ಅಷ್ಟೋ ಇಷ್ಟೋ ಶಾಖ ಕೊಟ್ಟು ಅಷ್ಟು ಜಾಗ ತಣ್ಣಗಾಗುತ್ತೆ, ಒಳಗಿಂದ ಹೊಸ ಶಾಖ ಮೇಲಕ್ಕೆ ಬರೋ ಹೊತ್ತಿಗೆ ನೀವು ಕಾಲು ಎತ್ತಿ ಆಗಿರುತ್ತೆ. ಒಂದೊಂದು ಹೆಜ್ಜೆ ಹೆಚ್ಚೂಕಮ್ಮಿ ಅರ್ಧ ಸೆಕೆಂಡು. ಅದರ ಮೇಲೆ ಬೂದಿ ಬೇರೆ, ಕಂಬಳಿ ಹೊದಿಸಿದ ಹಾಗೆ. ಇನ್ನೂ ನಂಬಿಕೆ ಬರ್ಲಿಲ್ವಾ, ಚಳಿಗಾಲದ ಬೆಳಗ್ಗೆ ಸ್ಟೀಲ್ ಚೊಂಬು ಮುಟ್ಟಿ, ಪಕ್ಕದಲ್ಲಿರೋ ಮರದ ಮಣೆ ಮುಟ್ಟಿ. ಎರಡೂ ರಾತ್ರಿಯೆಲ್ಲ ಒಂದೇ ಅಡುಗೆಮನೇಲಿದ್ದು ಒಂದೇ ಉಷ್ಣತೆಗೆ ಬಂದಿವೆ, ಆದ್ರೂ ಚೊಂಬು ಕೊರೆಯುತ್ತೆ, ಮಣೆ ಬೆಚ್ಚಗಿದೆ ಅನ್ಸುತ್ತೆ. ಅಲ್ಲಿ ಶಾಖ ಕೈಯಿಂದ ಆಚೆ ಹೋಗ್ತಿದೆ, ಕೊಂಡದಲ್ಲಿ ಕಾಲಿಗೆ ಬರ್ತಿದೆ, ಲೆಕ್ಕ ಒಂದೇ. ನಮ್ಮಜ್ಜಿ ಒಲೆಯಿಂದ ಸಿಡಿದ ಕೆಂಡವನ್ನ ಬರಿಗೈಲಿ ಎತ್ತಿ ಫಟ್ ಅಂತ ವಾಪಸ್ ಎಸೀತಿದ್ಲು, ಅದೇ ಅಜ್ಜಿ ಒಲೆ ಮೇಲಿನ ಹೆಂಚು ಇಳಿಸಕ್ಕೆ ಸೆರಗು ಬಿಟ್ಟು ಕೈ ಹಾಕ್ತಿರ್ಲಿಲ್ಲ. ಯಾವ ಮನೋಬಲದ ಕ್ಲಾಸಿಗೂ ಹೋದವಳಲ್ಲ.

ಇದು ಹೊಸ ವಿಷಯವೂ ಅಲ್ಲ. 1935ರ ಸೆಪ್ಟೆಂಬರಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ ಪವಾಡ, ದೆವ್ವಗಳ ತನಿಖೆ ಮಾಡ್ತಿದ್ದ ಹ್ಯಾರಿ ಪ್ರೈಸ್ ಅನ್ನೋರು ಕಾಶ್ಮೀರ ಮೂಲದ ಖುದಾ ಬಕ್ಷ್ ಅನ್ನೋ ಜಾದೂಗಾರನನ್ನ ಕರೆಸಿ ಕೆಂಡದ ಮೇಲೆ ನಡೆಸಿದ್ರು, ವಿಜ್ಞಾನಿಗಳು ಸುತ್ತ ನಿಂತು ಅಳತೆ ಮಾಡಿದ್ರು, ಅವನ ಕಾಲಿಗೆ ಏನೂ ಆಗ್ಲಿಲ್ಲ, ಹುಮ್ಮಸ್ಸಲ್ಲಿ ಇಳಿದ ನೋಡುಗರು ಕಾಲಲ್ಲಿ ಬೊಬ್ಬೆ ಎಬ್ಬಿಸ್ಕೊಂಡ್ರು. ಇಷ್ಟು ಕೇಳಿದ್ರೆ ಅನ್ಸುತ್ತೆ, ನೋಡಿ ಪೂರ್ವದೇಶದ ಶಕ್ತಿ ಅಂತ. 1937ರಲ್ಲಿ ಮತ್ತೆ ಪ್ರಯೋಗ ಮಾಡಿದಾಗ ಯಾವ ಸಾಧನೆಯೂ ಇಲ್ಲದ ಇಂಗ್ಲಿಷಿನವನೊಬ್ಬ ಆರಾಮಾಗಿ ದಾಟಿಬಿಟ್ಟ! ಇದ್ದಿಲು ಶಾಖ ಸರಿಯಾಗಿ ಸಾಗಿಸಲ್ಲ, ಕಾಲು ತಾಗೋ ಹೊತ್ತೂ ಕಮ್ಮಿ, ಅಷ್ಟೇ ಅಂತ ತೀರ್ಮಾನ ಆಯ್ತು. ಹಾಗಂತ ಮನೆ ಹಿಂದೆ ಟ್ರೈ ಮಾಡಕ್ಕೆ ಹೋಗ್ಬೇಡಿ. ನಿಂತ್ರೆ ಸುಡುತ್ತೆ, ಕೆಂಡ ಬೆರಳ ಸಂದಿಗೆ ಸಿಕ್ಕಿಕೊಂಡ್ರೆ ಸುಡುತ್ತೆ, ಒಂದು ಮೊಳೆ ಇದ್ರೆ ಮುಗೀತು. 2012ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ರಾಬಿನ್ಸ್ ಕಾರ್ಯಕ್ರಮದಲ್ಲಿ 20ಕ್ಕೂ ಹೆಚ್ಚು ಜನ ಕಾಲು ಸುಟ್ಕೊಂಡ್ರು, 2016ರಲ್ಲಿ ಡಲ್ಲಾಸಲ್ಲಿ 30ಕ್ಕೂ ಹೆಚ್ಚು. ಅವರ ಮನಸ್ಸೆಲ್ಲ ವೀಕ್ ಆಗಿತ್ತಾ ಹಾಗಾದ್ರೆ?

ಇಷ್ಟು ಹೇಳಿ ಮೈಕು ಆಫ್ ಮಾಡಿಬಿಡಬಹುದಿತ್ತು, ನಮ್ಮ ಕಡೆ ಪವಾಡ ಬಯಲು ಮಾಡೋರು ಸಾಮಾನ್ಯ ಇಲ್ಲಿಗೇ ನಿಲ್ಲಿಸ್ತಾರೆ. ನಂಗೆ ತಲೆ ಕೆಡಿಸಿದ್ದು ಇನ್ನೊಂದು. ನಮ್ಮ ಟೀಮಿನ ಹುಡುಗಿಯೊಬ್ಬಳು ಕೆಂಡ ದಾಟಿ ಆಚೆ ಹೋಗಿ ಗಳಗಳ ಅಂತ ಅತ್ಲು, ಖುಷಿಗೆ. ಇದ್ದಿಲಿನ ಉಷ್ಣವಾಹಕತೆ ಕಮ್ಮಿ ಅಂತ ಯಾರೂ ಅಳಲ್ಲ.

ಸ್ಪೇನಲ್ಲಿ ಸ್ಯಾನ್ ಪೆಡ್ರೊ ಮಾನ್ರಿಕೆ ಅಂತ ಒಂದು ಸಣ್ಣ ಊರು. ಪ್ರತಿ ವರ್ಷ ಜೂನ್ 23ರ ಮಧ್ಯರಾತ್ರಿ ಅಲ್ಲಿಯವರು ಕೆಂಡ ಹಾಯ್ತಾರೆ, ಅದೂ ಬೆನ್ನ ಮೇಲೆ ಇನ್ನೊಬ್ಬರನ್ನ ಹೊತ್ಕೊಂಡು. ಸಂಶೋಧಕರಾದ ಇವಾನಾ ಕೊನ್ವಲಿಂಕಾ, ದಿಮಿತ್ರಿಸ್ ಕ್ಸಿಗಲಾಟಸ್ ಮತ್ತವರ ತಂಡ ಅಲ್ಲಿಗೆ ಹೋಗಿ ಹಾಯೋರ ಎದೆಗೂ ನೋಡೋರ ಎದೆಗೂ ಹೃದಯಬಡಿತ ಅಳೆಯೋ ಪಟ್ಟಿ ಕಟ್ಟಿದ್ರು, 2011ರಲ್ಲಿ ಪ್ರಕಟ ಆಯ್ತು. ಹಾಯೋನ ಎದೆಬಡಿತ ಏರಿಳಿದ ಹಾಗೇ, ಸುಮ್ಮನೆ ಕೂತು ನೋಡ್ತಿದ್ದ ಅವನ ನೆಂಟರು ಸ್ನೇಹಿತರ ಎದೆಬಡಿತವೂ ಅದೇ ಗೆರೆ ಹಿಡ್ಕೊಂಡು ಏರಿಳಿದಿತ್ತು. ಪಕ್ಕದಲ್ಲೇ ಕೂತು ಅದೇ ಕೆಂಡ, ಅದೇ ಮನುಷ್ಯನನ್ನ ನೋಡ್ತಿದ್ದ ಹೊರಗಿನವರದು ಹಾಗೆ ಹೊಂದಿರ್ಲಿಲ್ಲ. ಇದನ್ನ ಮೊದಲ ಸಲ ಓದಿದಾಗ ನಾನು ಕುರ್ಚಿಯಿಂದ ಎದ್ದು ಒಂದು ರೌಂಡ್ ಹಾಕ್ಬಂದೆ, ಸುಳ್ಳಲ್ಲ. ಯಾಕಂದ್ರೆ ನಂಗೆ ಎಂಟು ವರ್ಷ ಇದ್ದಾಗ ನಮ್ಮ ಚಿಕ್ಕಪ್ಪ ಕೈಲಿ ಹೊಂಬಾಳೆ ಹಿಡ್ಕೊಂಡು ಕೊಂಡಕ್ಕೆ ಇಳಿದಾಗ ಅಜ್ಜಿ ನನ್ನ ಮಣಿಕಟ್ಟು ಹಿಡ್ಕೊಂಡಿದ್ಲು, ಅವನು ಆಚೆ ದಡ ಮುಟ್ಟೋ ತನಕ ಬಿಡ್ಲಿಲ್ಲ, ಆಮೇಲೆ ನೋಡಿದ್ರೆ ಅವಳ ಬಳೆ ಗುರುತು ನನ್ನ ಕೈ ಮೇಲೆ ಮೂಡಿತ್ತು.

ಈಗ ಮೋಟಿವೇಷನ್ ಭಾಷಣಕಾರರ ಕಷ್ಟ ಏನು ಅಂತ ನೋಡಿ. ಅವರ ಹಾಲಲ್ಲಿ ಅಜ್ಜಿ ಇಲ್ಲ. ಆಫೀಸಿನ ಮುಖ ಪರಿಚಯ ಬಿಟ್ರೆ ಒಬ್ಬರಿಗೊಬ್ಬರು ಏನೂ ಅಲ್ಲದ ಜನ, ಮಧ್ಯಾಹ್ನದ ಬಫೆ ಊಟ ತಲೆಗೆ ಏರಿದೆ. ಹಾಗಾಗಿ ಊರಲ್ಲಿ ತಲೆಮಾರು ಹಿಡಿಯೋ ನೆಂಟಸ್ತಿಕೆಯನ್ನ ಎರಡೂವರೆ ಗಂಟೇಲಿ ಹೊಲಿಯಕ್ಕೆ ನೋಡ್ತಾರೆ, ಒಟ್ಟಿಗೆ ಕುಣಿಸೋದು, ಒಂದೇ ತಾಳಕ್ಕೆ ಚಪ್ಪಾಳೆ, 'ಪಕ್ಕದವರ ಕಣ್ಣು ನೋಡಿ, ನೀನು ಹುಲಿ ಅಂತ ಹೇಳಿ'. ನಗು ಬರುತ್ತೆ ನಿಜ, ಆದ್ರೆ ಪೆದ್ದುತನ ಅಲ್ಲ ಅದು. ಕುಣಿದು ಕೂಗಿ ಎದೆ ಹೊಡ್ಕೊಳ್ಳೋ ಹೊತ್ತಿಗೆ ಸರಿಯಾಗಿ ಭಾಷಣಕಾರರು ಆ ಬಡಿತಕ್ಕೊಂದು ಹೆಸರು ಇಡ್ತಾರೆ. 1974ರಲ್ಲಿ ಡಟನ್ ಮತ್ತು ಆರನ್ ಅನ್ನೋ ಮನಃಶಾಸ್ತ್ರಜ್ಞರು ಕೆನಡಾದ ಕ್ಯಾಪಿಲಾನೊ ತೂಗುಸೇತುವೆ ಮೇಲೆ ಒಂದು ಪ್ರಯೋಗ ಮಾಡಿದ್ರು, ಓಲಾಡೋ ಸೇತುವೆ ಮೇಲೆ ಸಿಕ್ಕಿದ ಹುಡುಗಿಗೆ ಗಂಡಸರು ಆಮೇಲೆ ಫೋನ್ ಮಾಡಿದ್ದು ಜಾಸ್ತಿ, ಗಟ್ಟಿ ಸೇತುವೆ ಮೇಲೆ ಸಿಕ್ಕಿದವಳಿಗೆ ಕಮ್ಮಿ, ಭಯದ ಎದೆಬಡಿತವನ್ನ ಪ್ರೀತಿ ಅಂದ್ಕೊಂಡ್ರು ಅಂತ ಅವರ ವಿವರಣೆ. ಕೆಂಡದ ಎದುರು ಆ ಬಡಿತಕ್ಕೆ 'ಇದು ನಿನ್ನೊಳಗಿನ ಶಕ್ತಿ' ಅಂತ ಚೀಟಿ ಅಂಟಿಸಿದ್ರೆ ಮುಗೀತು, ಆ ಹುಡುಗಿ ಅತ್ತಿದ್ದು ಹಾಗೆ ಅಂತ ನನ್ನ ಊಹೆ.

ಹಾಂ, ನಾನೂ ನಡೆದೆ. ಇಷ್ಟೆಲ್ಲ ಫಿಸಿಕ್ಸ್ ಗೊತ್ತಿರೋನು, ಊರಲ್ಲಿ ನೋಡಿ ಬೆಳೆದೋನು, ಏನೂ ಭಯ ಇಲ್ಲದೆ ತಣ್ಣಗೆ ಐದು ಹೆಜ್ಜೆ ಹಾಕಿ ದಾಟಿದೆ ಅಂತ ಎಲ್ಲರ ಹತ್ರ ಹೇಳ್ಕೊಂಡೆ. ರಾತ್ರಿ ರೂಮಲ್ಲಿ ವಾಚ್ ತೆಗೆದು ನೋಡಿದ್ರೆ ಆ ಹೊತ್ತಿಗೆ ನನ್ನ ಎದೆಬಡಿತ ನಿಮಿಷಕ್ಕೆ 152. ಸ್ಪೇನಿನವರೂ ಹಾಗೇ, ಎದೆ ಓಡ್ತಿದ್ರೂ ಆರಾಮಾಗಿದ್ವಿ ಅಂತ ಹೇಳಿದ್ರಂತೆ. ನನ್ನ ಚಪ್ಪಲಿ ಹಿಡ್ಕೊಂಡು ಆಚೆ ಕಡೆ ನಿಂತಿದ್ದ ಅಕೌಂಟ್ಸ್ ಹುಡುಗನ ಕೈಲೂ ವಾಚ್ ಇತ್ತು. ಬೆಳಗ್ಗೆ ತಿಂಡಿಗೆ ಸಿಕ್ಕಾಗ ಕೇಳಿದೆ, ನಾನು ನಡೆಯೋವಾಗ ನಿಂದೆಷ್ಟಿತ್ತಪ್ಪಾ ಅಂತ. ಇಡ್ಲಿ ಪಕ್ಕಕ್ಕಿಟ್ಟು ಸ್ಕ್ರೋಲ್ ಮಾಡಿ ನೋಡ್ದ. ಎಪ್ಪತ್ನಾಲ್ಕು ಸಾರ್, ಅಂದ.