ಬೆರಳು ಗಟ್ಟಿ ಹಿಡಿದುಕೊಳ್ಳುತ್ತಾನೆ, ಆದರೂ ಪ್ರಜ್ಞೆ ಇಲ್ಲ ಅಂತಾರಲ್ಲ?

ಪ್ರಶ್ನೆ: ಅಣ್ಣ ಅಡಿಕೆ ಮರದಿಂದ ಬಿದ್ದು ತಲೆಗೆ ಪೆಟ್ಟಾಗಿ ಎರಡು ತಿಂಗಳಾಯಿತು. ಈಗ ಕಣ್ಣು ಬಿಡುತ್ತಾನೆ. ಕೈಗೆ ಬೆರಳು ಕೊಟ್ಟರೆ ಹಿಡಿದು ಬಿಡುವುದೇ ಇಲ್ಲ. ಆದರೂ ಡಾಕ್ಟರು ಪ್ರಜ್ಞೆ ಬಂದಿಲ್ಲ ಅನ್ನುತ್ತಾರೆ. ಅದನ್ನು ಹೇಗೆ ಹೇಳುತ್ತಾರೆ? (ಬದಿಯಡ್ಕದ ಓದುಗರೊಬ್ಬರು)

ಮೊದಲು ಆ ಬೆರಳಿನ ವಿಷಯ. ಹಸುಗೂಸಿನ ಅಂಗೈಗೆ ಬೆರಳಿಟ್ಟರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ ಅಲ್ವಾ? ಅದು ಯೋಚಿಸಿ ಹಿಡಿಯುವುದಲ್ಲ, ತಾನಾಗಿ ಆಗುವುದು. ಮಿದುಳಿಗೆ ಜೋರು ಪೆಟ್ಟಾದಾಗ ಅದೇ ಹಿಡಿತ ದೊಡ್ಡವರಲ್ಲೂ ಮರಳಬಹುದು. ಅದಕ್ಕೇ "ಹಿಡಿ" ಅಂದಾಗ ಹಿಡಿದರೆ ಸಾಲದು, "ಬಿಡು" ಅಂದಾಗ ಬಿಟ್ಟರಾ ಅಂತ ನೋಡುತ್ತಾರೆ. ಕಣ್ಣು ಬಿಡುವುದೂ ಹಾಗೆಯೇ. ಎಚ್ಚರ ಬೇರೆ, ಅರಿವು ಬೇರೆ.

ಐಸಿಯುವಿನಲ್ಲಿ "ಜಿಸಿಎಸ್ ಎಷ್ಟು?" ಅನ್ನುವುದನ್ನು ಕೇಳಿರುತ್ತೀರಿ. ಗ್ಲಾಸ್ಗೋ ಕೋಮಾ ಸ್ಕೇಲ್, ಅಂದರೆ ಪ್ರಜ್ಞೆಯ ಮಟ್ಟವನ್ನು ಅಂಕದಲ್ಲಿ ಹೇಳುವ, 1974ರಲ್ಲಿ ಗ್ಲಾಸ್ಗೋದಲ್ಲಿ ಬಂದ ಅಳತೆ ಅದು, 3ರಿಂದ 15ರವರೆಗೆ. ಮೊದಲ ದಿನಗಳಿಗೆ ಸರಿ, ಎರಡು ತಿಂಗಳಾದವರಿಗೆ ತೀರಾ ಒರಟು. ಇಂಥವರಿಗೆ ಸಿಆರ್‌ಎಸ್‌-ಆರ್ ಅನ್ನುವ, ಅರಿವಿನ ಸಣ್ಣ ಗುರುತನ್ನೂ ಹುಡುಕುವ 23 ಅಂಕಗಳ ಪರೀಕ್ಷೆ ಇದೆ. ಅದರಲ್ಲಿ ನನಗೆ ಇಷ್ಟವಾದದ್ದು ಕನ್ನಡಿ. ಮುಖದ ಮುಂದೆ ಕೈಕನ್ನಡಿ ಹಿಡಿದು ನಿಧಾನವಾಗಿ ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಸರಿಸುತ್ತಾರೆ. ಎದುರಿಗೆ ನಡೆದಾಡುವವರ ಕಡೆ ತಿರುಗದ ಕಣ್ಣು ಕೆಲವೊಮ್ಮೆ ಕನ್ನಡಿಯಲ್ಲಿ ಕಾಣುವ ತನ್ನದೇ ಮುಖದ ಹಿಂದೆ ಹೋಗುತ್ತದೆ. ಒಂದಕ್ಕಿಂತ ಹೆಚ್ಚು ಸಲ ಹಾಗಾದರೆ, ಒಳಗೆ ಅಲ್ಪಸ್ವಲ್ಪ ಅರಿವಿದೆ ಎಂದು ಲೆಕ್ಕ.

ಒಂದೇ ದಿನ ನೋಡಿ ತೀರ್ಮಾನಿಸುವುದು ಮಾತ್ರ ತಪ್ಪು. ಬೆಳಿಗ್ಗೆ ಸ್ಪಂದಿಸಿದವರು ಸಂಜೆ ಸುಮ್ನೆ ಮಲಗಿರಬಹುದು. ನಿದ್ದೆ ಬರಿಸುವ ಮದ್ದು, ಜ್ವರ, ಕಿವಿ ಕೇಳದಿರುವುದು, ಇವೆಲ್ಲ ಮೋಸ ಮಾಡುತ್ತವೆ. 2009ರಲ್ಲಿ ಬೆಲ್ಜಿಯಂನವರು ಪ್ರಕಟಿಸಿದ ಅಧ್ಯಯನದಲ್ಲಿ, ಅರಿವಿಲ್ಲ ಎಂದು ಡಾಕ್ಟರುಗಳೇ ಒಪ್ಪಿದ್ದ 44 ಜನರಲ್ಲಿ 18 ಜನರಿಗೆ ಈ ಪರೀಕ್ಷೆಯಲ್ಲಿ ಅರಿವು ಕಂಡಿತು. ಹಾಗಾಗಿ ಎರಡು ವಾರದೊಳಗೆ ಐದು ಸಲವಾದರೂ ನೋಡಿ ಅನ್ನುವ ಸಲಹೆ ಇದೆ.

ಕೈಕಾಲು ಆಡದಿದ್ದರೂ ಒಳಗೆ ಅರಿವಿರಬಹುದು. 2006ರಲ್ಲಿ ಇಂಗ್ಲೆಂಡಿನಲ್ಲಿ, ಏನೂ ಸ್ಪಂದಿಸದ 23 ವರ್ಷದ ಹೆಂಗಸಿಗೆ ಸ್ಕ್ಯಾನರ್‌ನೊಳಗೆ "ಟೆನಿಸ್ ಆಡುವುದನ್ನು ಊಹಿಸಿಕೊಳ್ಳಿ" ಅಂದರು. ಆರೋಗ್ಯವಂತರ ಮಿದುಳಿನಂತೆಯೇ ಅವರ ಮಿದುಳೂ ಬೆಳಗಿತು. 2024ರ ದೊಡ್ಡ ಅಧ್ಯಯನದಲ್ಲಿ ಹೀಗೆ ಹೇಳಿದ್ದಕ್ಕೆ ದೇಹ ಸ್ಪಂದಿಸದ 241 ಜನರಲ್ಲಿ 60 ಜನರ ಮಿದುಳು ಸ್ಪಂದಿಸಿತ್ತು. ನಮ್ಮ ಕಡೆಯ ಸಾಮಾನ್ಯ ಆಸ್ಪತ್ರೆಗಳಲ್ಲಿ ಈ ಸ್ಕ್ಯಾನ್ ಪರೀಕ್ಷೆಯನ್ನು ನಿರೀಕ್ಷಿಸಬೇಡಿ.

ಆದರೆ ಖರ್ಚಿಲ್ಲದ ಒಂದು ಕೆಲಸ ನಿಮ್ಮ ಕೈಯಲ್ಲೇ ಇದೆ. ಕಾಸರಗೋಡಿನವರ ಮನೆಯ ಮಾತು ಒಂದು, ಶಾಲೆಯದ್ದು ಇನ್ನೊಂದು, ಪೇಟೆಯದ್ದು ಮತ್ತೊಂದು. ತಲಪಾಡಿ ದಾಟಿ ಮಂಗಳೂರಿಗೆ ಹೋದರೆ ಡಾಕ್ಟರು ಇಂಗ್ಲಿಷ್ ಬೆರೆಸಿದ ಕನ್ನಡದಲ್ಲಿ ಕೇಳುತ್ತಾರೆ, ನರ್ಸ್ ಮಲಯಾಳದಲ್ಲಿ. ನಿಮ್ಮ ಅಣ್ಣ ಮನೆಯಲ್ಲಿ ತುಳು ಆಡುವವರಾದರೆ ತುಳುವಿನಲ್ಲೇ ಕೇಳಬೇಕು. ಮುಂದಿನ ಪರೀಕ್ಷೆಯ ಹೊತ್ತಿಗೆ "ನಾನೂ ಪಕ್ಕದಲ್ಲಿರುತ್ತೇನೆ" ಅನ್ನಿ. ಡಾಕ್ಟರು ಕೊಡುವ ಸೂಚನೆಯನ್ನು ಮನೆಯಲ್ಲಿ ಕರೆಯುವ ದನಿಯಲ್ಲೇ ಒಂದು ಸಲ ಹೇಳಿ. ಅಣ್ಣನನ್ನು ಮುಟ್ಟಬೇಡಿ, ಮತ್ತೆ ಮತ್ತೆ ಹೇಳಬೇಡಿ. ಸ್ಪಂದಿಸುತ್ತಾರಾ ಅಂತ ನೋಡುತ್ತಾ ಮನಸ್ಸಿನಲ್ಲೇ ಹತ್ತು ಎಣಿಸಿ.